ಆಟದ ಪೀರಿಯಡ್ ಯಾರದು?

ಜಮಖಂಡಿ, ಮುಧೋಳ ಸೀಮೆಗೆ ಗರಡಿಮನೆ ಹೊಸದಲ್ಲ. ಸೈಕಲ್ ಪಟುಗಳಿಗೂ ಬಾಗಲಕೋಟೆ, ವಿಜಯಪುರ ಜಿಲ್ಲೆಗಳು ಹೆಸರುವಾಸಿ. ಇಷ್ಟಿದ್ದೂ ಎಷ್ಟೋ ಶಾಲೆಗಳಲ್ಲಿ ಆಟದ ಪೀರಿಯಡ್ ಎಂದರೆ ಗಣಿತದ ಬಾಕಿ ಪಾಠ ಮುಗಿಸುವ ವೇಳೆ. ಎಸ್ಸೆಸ್ಸೆಲ್ಸಿ ಹತ್ತಿರ ಬಂತೆಂದರೆ ಚೆಂಡು ಬೀರುವಿನಿಂದ ಹೊರಬರುವುದೇ ಇಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಗೆ ಮೈದಾನ ಬೇಕೆನ್ನುತ್ತದೆ. 6ರಿಂದ 8ನೇ ತರಗತಿಯಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರನ್ನೂ ಕೇಳುತ್ತದೆ. ಪದಕ ತರಬಲ್ಲ ನಾಲ್ವರನ್ನು ವಲಯ ಮಟ್ಟದ ಕೂಟಕ್ಕೆ ಅಣಿಗೊಳಿಸಿದರೆ ಈ ಕಾಯ್ದೆಯ ಉದ್ದೇಶ ತೀರಿತೇ? ರಬಕವಿ-ಬನಹಟ್ಟಿಯಲ್ಲಿ ಮಗ್ಗದ ಸದ್ದಿನ ಪಕ್ಕ ಕೂತು ಓದುವ ಹುಡುಗಿಗೂ, ಬೀಳಗಿಯ ಹಿಂದಿನ ಬೆಂಚಿನ ಸಣಕಲು ಹುಡುಗನಿಗೂ ಓಡಿ ಬೆವರುವ ಹಕ್ಕಿದೆ. ಬಿಇಒಗಳು ತಪಾಸಣೆಗೆ ಹೋದಾಗ ಫಲಿತಾಂಶದ ಕಡತದ ಜತೆಗೆ ವೇಳಾಪಟ್ಟಿಯನ್ನೂ, ಮೈದಾನವನ್ನೂ ನೋಡಲಿ.