ದಾದಿಯರ ಪರವಾನಿಗೆಯೂ ರೋಗಿಗಳ ಪ್ರಾಣವೂ

ನಿಪ್ಪಾಣಿ ತಾಲೂಕಿನ ಬೋರಗಾಂವದಂಥ ಗಡಿಯ ಊರಿನಲ್ಲಿ ಮನೆಯವರೊಬ್ಬರು ಕಠಿಣ ರೋಗಕ್ಕೆ ತುತ್ತಾದರೆ ಜನರ ಮುಂದೆ ಎರಡು ದಾರಿಗಳಿರುತ್ತವೆ. ಒಂದು ನಿಪ್ಪಾಣಿ, ಚಿಕ್ಕೋಡಿ, ಬೆಳಗಾವಿಗಳ ಕಡೆಗೆ. ಇನ್ನೊಂದು ಗಡಿಯಾಚೆಯ ಇಚಲಕರಂಜಿ, ಮಿರಜ, ಕೊಲ್ಹಾಪುರಗಳ ಕಡೆಗೆ. ಯಾವ ದಾರಿ ಹಿಡಿದರೂ, ಡಾಕ್ಟರರ ನೋಂದಣಿಯ ಸಂಖ್ಯೆಯು ಅವರು ಬರೆದುಕೊಡುವ ಔಷಧಿಯ ಚೀಟಿಯ ಮೇಲೆ ಇರತಕ್ಕದ್ದೆಂಬ ನಿಯಮವುಂಟು. ಆದರೆ ಡಾಕ್ಟರರು ದಿನಕ್ಕೆ ಒಂದೆರಡು ಬಾರಿ ಬಂದು ಹೋದ ಮೇಲೆ ಹಗಲಿರುಳು ರೋಗಿಯ ಬಳಿಯಿದ್ದು, ಸೂಜಿ ಚುಚ್ಚಿ, ಮದ್ದು ಕುಡಿಸಿ, ನಾಡಿ ನೋಡುವ ದಾದಿಯರು ಯಾರು, ಎಲ್ಲಿ ಕಲಿತವರು, ಅವರ ಕೈಯನ್ನು ಪರೀಕ್ಷಿಸಿದವರು ಯಾರು ಎಂಬುದನ್ನು ಕೇಳುವವರೂ ಇಲ್ಲ, ಹೇಳುವವರೂ ಇಲ್ಲ.

ಇದು ಅಲ್ಪ ವಿಷಯವಲ್ಲ. ಡಾಕ್ಟರರ ಅಪ್ಪಣೆಯು ಎಷ್ಟೇ ಸರಿಯಾಗಿರಲಿ, ಅದು ರೋಗಿಯ ಮೈಯನ್ನು ಮುಟ್ಟುವುದು ದಾದಿಯರ ಕೈಯಿಂದಲೇ. ಸಕ್ಕರೆ ರೋಗಕ್ಕೆ ಕೊಡುವ ಇನ್ಸುಲಿನ್ ಮದ್ದು ನಮ್ಮ ಪೇಟೆಗಳಲ್ಲಿ ಮಿಲಿಲೀಟರಿಗೆ 40 ಯೂನಿಟ್ಟಿನದೂ 100 ಯೂನಿಟ್ಟಿನದೂ ದೊರೆಯುತ್ತದೆ. 40ರ ಗುರುತಿನ ಸಿರಿಂಜಿನಲ್ಲಿ 100ರ ಮದ್ದನ್ನು ಗುರುತು ನೋಡಿಯೇ ತುಂಬಿ ಕೊಟ್ಟರೂ ರೋಗಿಗೆ ಎರಡೂವರೆ ಪಟ್ಟು ಮದ್ದು ಸೇರುತ್ತದೆ. ಪೊಟ್ಯಾಸಿಯಂ ಕ್ಲೋರೈಡಿನ ಗಟ್ಟಿ ದ್ರಾವಣವನ್ನು ಸಲೈನಿನಲ್ಲಿ ಬೆರೆಸಿ ನಿಧಾನವಾಗಿ ಹನಿಸಬೇಕು. ಬೆರೆಸದೆ ಒಮ್ಮೆಲೇ ರಕ್ತನಾಳಕ್ಕೆ ಏರಿಸಿದರೆ ಹೃದಯವೇ ನಿಂತುಹೋಗಬಹುದು. ಬಾಣಂತಿಯ ರಕ್ತಸ್ರಾವವು ಮಿತಿಮೀರುತ್ತಿದೆಯೆಂಬುದನ್ನು ಎಲ್ಲರಿಗಿಂತ ಮೊದಲು ಕಾಣತಕ್ಕವರೂ ಅವರೇ. ಪುಸ್ತಕವನ್ನು ಕಂಠಪಾಠ ಮಾಡಿ ಉತ್ತರ ಬರೆದ ಮಾತ್ರಕ್ಕೆ ಈ ಎಚ್ಚರವು ಬಂದಿತೆಂದು ಯಾರೂ ಹೇಳಲಾರರು.

ಈ ವಿಷಯದಲ್ಲಿ ನಮ್ಮಲ್ಲಿ ಕಾಯದೆಗಳಿಗೇನೂ ಕೊರತೆಯಿಲ್ಲ. ಬೆಳಗಾವಿ ಜಿಲ್ಲೆಯು ಮುಂಬಯಿ ಪ್ರಾಂತಕ್ಕೆ ಸೇರಿದ್ದಾಗಲೇ, 1935ರಲ್ಲಿ, ದಾದಿಯರ ಹಾಗೂ ಸೂಲಗಿತ್ತಿಯರ ನೋಂದಣಿಗಾಗಿ ಆ ಪ್ರಾಂತದಲ್ಲಿ ಕಾಯದೆಯಾಯಿತು. 1946ರಲ್ಲಿ ವರದಿಯನ್ನು ಸಲ್ಲಿಸಿದ ಭೋರ್ ಸಮಿತಿಯು, ದೇಶದಲ್ಲಿ 43,000 ಜನರಿಗೆ ಒಬ್ಬರೇ ದಾದಿ ಇರುವರೆಂಬ ಕಟುಸತ್ಯವನ್ನು ತೋರಿಸಿಕೊಟ್ಟಿತು. 1947ರ ಕೊನೆಗೆ ಭಾರತೀಯ ನರ್ಸಿಂಗ್ ಪರಿಷತ್ತಿನ ಕಾಯದೆಯೂ, 1961ರಲ್ಲಿ ಅಂದಿನ ಮೈಸೂರು ರಾಜ್ಯದ ಕಾಯದೆಯೂ ಆದವು. ಕರ್ನಾಟಕ ರಾಜ್ಯ ನರ್ಸಿಂಗ್ ಪರಿಷತ್ತು ನಡೆದುಬಂದದ್ದು ಈ ಕೊನೆಯ ಕಾಯದೆಯ ಆಧಾರದಿಂದಲೇ. 1947ರ ಕಾಯದೆಯ ಸ್ಥಾನಕ್ಕೆಂದು 2023ರ ಆಗಸ್ಟಿನಲ್ಲಿ ರಾಷ್ಟ್ರೀಯ ನರ್ಸಿಂಗ್ ಹಾಗೂ ಸೂಲಗಿತ್ತಿ ಆಯೋಗದ ಕಾಯದೆಗೆ ರಾಷ್ಟ್ರಪತಿಗಳ ಅಂಕಿತವಾಯಿತು. ಕಾಲೇಜುಗಳ ಪ್ರವೇಶಕ್ಕೆ ಏಕರೂಪದ ಕ್ರಮ, ಸಂಸ್ಥೆಗಳ ಗುಣಪರಿಶೀಲನೆ, ರಾಷ್ಟ್ರೀಯ ಮತ್ತು ರಾಜ್ಯದ ನೋಂದಣಿ ಪುಸ್ತಕಗಳು, ಇವೆಲ್ಲ ಅದರಲ್ಲಿವೆ.

ಆದರೂ ನಡೆದುಬಂದ ಪದ್ಧತಿಯ ತಿರುಳು ಹೀಗಿದೆ: ಡಿಪ್ಲೋಮಾ ತರಗತಿಯವರು ಮೂರು ವರ್ಷ, ಪದವಿಯವರು ನಾಲ್ಕು ವರ್ಷ ಕಲಿತು, ಮಂಡಳಿಯ ಇಲ್ಲವೆ ವಿಶ್ವವಿದ್ಯಾಲಯದ ಪರೀಕ್ಷೆಯಲ್ಲಿ ತೇರ್ಗಡೆಯಾದರೆ, ಆ ಪ್ರಮಾಣಪತ್ರವನ್ನು ತೋರಿಸಿ ರಾಜ್ಯ ಪರಿಷತ್ತಿನಲ್ಲಿ ಹೆಸರು ಬರೆಯಿಸಬಹುದು. ವಿದ್ಯೆಯ ಪರೀಕ್ಷೆ ಮುಗಿದ ಮೇಲೆ ‘ಇವರ ಕೈಗೆ ರೋಗಿಯನ್ನು ಒಪ್ಪಿಸಬಹುದೇ?’ ಎಂಬ ಒಂದೇ ಪ್ರಶ್ನೆಯನ್ನು ಕೇಳುವ ಬೇರೆ ಪರೀಕ್ಷೆ ಇಲ್ಲ. ಸರಕಾರಿ ನೌಕರಿಗಾಗಿ ನಡೆಯುವ ಸ್ಪರ್ಧಾಪರೀಕ್ಷೆಗಳು ಕೆಲವರನ್ನು ಆರಿಸುವುದಕ್ಕಾಗಿ ಇವೆ. ಉಳಿದವರು ಖಾಸಗಿ ದವಾಖಾನೆಗಳಲ್ಲಿ ಸೂಜಿ ಹಿಡಿಯಲು ತಕ್ಕವರೇ ಎಂಬುದನ್ನು ಅವು ನಿರ್ಣಯಿಸುವುದಿಲ್ಲ.

ಕಾಲೇಜುಗಳೆಲ್ಲವೂ ನೆಟ್ಟಗಿದ್ದರೆ ಇಷ್ಟೇ ಸಾಕೆನ್ನಬಹುದಾಗಿತ್ತು. ಬೆಳಗಾವಿಯಲ್ಲಿಯೂ ಮಿರಜದಲ್ಲಿಯೂ ದೊಡ್ಡ ಆಸ್ಪತ್ರೆಗಳ ಆಶ್ರಯದಲ್ಲಿ ಶ್ರದ್ಧೆಯಿಂದ ಕಲಿಸುವ ಸಂಸ್ಥೆಗಳಿವೆ. ಅವುಗಳ ಬಗ್ಗೆ ನಮಗೆ ಗೌರವವಿದೆ. ಆದರೆ ದೇಶದಲ್ಲೆಲ್ಲ ಇದೇ ಸ್ಥಿತಿಯಿಲ್ಲ. ಮಧ್ಯಪ್ರದೇಶದಲ್ಲಿ ನರ್ಸಿಂಗ್ ಕಾಲೇಜುಗಳ ಅವ್ಯವಹಾರವು ಉಚ್ಚ ನ್ಯಾಯಾಲಯದವರೆಗೆ ಹೋಗಿ, ತಪಾಸಣೆಯು ಸಿ.ಬಿ.ಐ.ಗೆ ಒಪ್ಪಿಸಲ್ಪಟ್ಟಿತು. 2024ರ ಮೇ ತಿಂಗಳಿನಲ್ಲಿ, ಅನುಕೂಲವಾದ ವರದಿ ಕೊಡಲು ಲಂಚ ಪಡೆದ ಆರೋಪದ ಮೇಲೆ ಆ ತಪಾಸಣೆಯ ಅಧಿಕಾರಿಯೇ ಬಂಧಿತನಾದುದನ್ನು ದೇಶವೆಲ್ಲ ಕಂಡಿತು. ಹಾಸಿಗೆಗಳಿಲ್ಲದ ಆಸ್ಪತ್ರೆಯನ್ನು ಕಾಗದದ ಮೇಲೆ ತೋರಿಸುವ ಕಾಲೇಜು, ತನ್ನ ವಿದ್ಯಾರ್ಥಿಗಳ ಕೈಗುಣಕ್ಕೆ ಕೊಡುವ ಸಾಕ್ಷಿಗೆ ಬೆಲೆಯೇನು? ಕಲಿಸಿದವರ ಮಾತಿಗಿಂತ ಬೇರೆಯಾದ, ಸ್ವತಂತ್ರವಾದ ಪರೀಕ್ಷೆ ಬೇಕೆನ್ನುವುದು ಈ ಕಾರಣಕ್ಕಾಗಿಯೇ.

ಇತರ ದೇಶಗಳು ಇದನ್ನು ಬಹು ಹಿಂದೆಯೇ ಅರಿತವು. ಅಮೇರಿಕೆಯಲ್ಲಿ, ಆ ದೇಶದಲ್ಲಿಯೇ ಕಲಿತವರು ಕೂಡ ‘ಎನ್‌ಕ್ಲೆಕ್ಸ್’ ಎಂಬ ಪರೀಕ್ಷೆಯಲ್ಲಿ ಗೆಲ್ಲದೆ ದಾದಿಯರಾಗಲಾರರು. ಸರಿಯಾದ ಉತ್ತರಕ್ಕೆ ಮುಂದಿನ ಪ್ರಶ್ನೆ ಕಠಿಣವಾಗುತ್ತ, ತಪ್ಪಿದರೆ ಸುಲಭವಾಗುತ್ತ, ಅಭ್ಯರ್ಥಿಯ ಸಾಮರ್ಥ್ಯವು ನಿಶ್ಚಯವಾಗುವವರೆಗೆ ಅದು ಸಾಗುತ್ತದೆ. ನಾಲ್ವರು ರೋಗಿಗಳಲ್ಲಿ ಮೊದಲು ಯಾರ ಬಳಿಗೆ ಹೋಗಬೇಕು, ಯಾವ ಲಕ್ಷಣ ಕಂಡರೆ ಡಾಕ್ಟರರನ್ನು ಕೂಡಲೇ ಕರೆಯಬೇಕು ಎಂಬಂಥ ವಿವೇಚನೆಯೇ ಅದರ ಜೀವಾಳ. ಹೊರದೇಶಗಳಲ್ಲಿ ಕಲಿತು ಬ್ರಿಟನ್ನಿಗೆ ಬರುವವರು ಗಣಕಯಂತ್ರದ ಪರೀಕ್ಷೆಯಲ್ಲದೆ, ಪರೀಕ್ಷಕರೆದುರು ಕೈಯಿಂದ ಮಾಡಿ ತೋರಿಸುವ ಪರೀಕ್ಷೆಯನ್ನೂ ಕೊಡಬೇಕು. ನಮ್ಮಂತೆಯೇ ಬಡತನವನ್ನು ಕಂಡ ಫಿಲಿಪ್ಪೈನ್ಸ್ ದೇಶವೂ ತನ್ನ ದಾದಿಯರಿಗೆ ರಾಷ್ಟ್ರೀಯ ಪರವಾನಿಗೆ ಪರೀಕ್ಷೆಯನ್ನು ನಡೆಸುತ್ತದೆ. ನಮ್ಮ ಜಿಲ್ಲೆಯ ಹೆಣ್ಣುಮಗಳೊಬ್ಬಳು ಪರದೇಶದ ರೋಗಿಯನ್ನು ಮುಟ್ಟಬೇಕಾದರೆ ಇಂಥ ಪರೀಕ್ಷೆಗೆ ಕೂಡಲೇಬೇಕು. ಬೋರಗಾಂವದ ರೋಗಿಯನ್ನು ಮುಟ್ಟುವುದಕ್ಕೆ ಬೇಕಿಲ್ಲ! ನಮ್ಮ ಜನರ ಪ್ರಾಣಕ್ಕೆ ಅಷ್ಟು ಕಡಿಮೆ ಬೆಲೆಯೇ ಎಂದು ನಾವು ಸರಕಾರವನ್ನು ಕೇಳಬೇಕಾಗಿದೆ.

ಇದಕ್ಕೆ ಆಕ್ಷೇಪಣೆಗಳಿಲ್ಲದಿಲ್ಲ. ಒಳ್ಳೆಯ ದಾದಿಯ ಗುಣಗಳನ್ನು ಪರೀಕ್ಷೆಯಿಂದಾಗಲಿ ನೋಂದಣಿಯಿಂದಾಗಲಿ ಅಳೆಯಲಾಗದೆಂದು ಫ್ಲಾರೆನ್ಸ್ ನೈಟಿಂಗೇಲರೇ ವಿರೋಧಿಸಿದ್ದರು. ದಯೆಯನ್ನೂ ತಾಳ್ಮೆಯನ್ನೂ ಅಳೆಯಲಾಗದೆಂಬುದು ನಿಜ. ಮದ್ದಿನ ಪ್ರಮಾಣವನ್ನು ಲೆಕ್ಕಹಾಕಬಲ್ಲರೋ ಇಲ್ಲವೋ ಎಂಬುದನ್ನು ಮಾತ್ರ ಖಂಡಿತವಾಗಿ ಅಳೆಯಬಹುದು. 1901ರಲ್ಲಿ ನ್ಯೂಜಿಲೆಂಡಿನವರೂ, 1919ರಲ್ಲಿ ನೈಟಿಂಗೇಲರ ದೇಶದವರೂ ನೋಂದಣಿಯ ಕಾಯದೆ ಮಾಡಿಕೊಂಡರು. ದಾದಿಯರೇ ಸಾಲದಿರುವಾಗ ಹೊಸ ತಡೆಯೇಕೆ ಎಂಬುದು ಎರಡನೆಯ ಆಕ್ಷೇಪಣೆ. ದಾದಿಯರ ಕೊರತೆಗೆ ಮದ್ದು ತಕ್ಕ ಸಂಬಳ ಮತ್ತು ಹೆಚ್ಚಿನ ಹುದ್ದೆಗಳೇ ಹೊರತು ಪರೀಕ್ಷೆಯ ಅಭಾವವಲ್ಲ. ಇನ್ನೊಂದು ಮಾತನ್ನೂ ನಾವು ಮರೆಯಕೂಡದು: ಎಷ್ಟು ನಿಪುಣರಾದ ದಾದಿಯೇ ಆಗಲಿ, ರಾತ್ರಿಪಾಳಿಯಲ್ಲಿ ಮೂವತ್ತು ನಾಲ್ವತ್ತು ಹಾಸಿಗೆಗಳನ್ನು ಒಬ್ಬರ ತಲೆಗೇ ಕಟ್ಟಿದರೆ ತಪ್ಪು ತಪ್ಪದು. ಆ ತಪ್ಪಿನ ಹೊಣೆ ದವಾಖಾನೆಯ ಒಡೆಯರದು.

ಗಡಿಯ ಜನರಿಗೆ ಮತ್ತೊಂದು ತೊಡಕುಂಟು. ನೋಂದಣಿಯು ರಾಜ್ಯರಾಜ್ಯಕ್ಕೆ ಬೇರೆಯಾಗಿ ನಡೆದುಬಂದಿರುವುದರಿಂದ, ಬೋರಗಾಂವದ ಹುಡುಗಿ ಮಿರಜದಲ್ಲಿ ಕಲಿತು ಮಹಾರಾಷ್ಟ್ರದ ಪರಿಷತ್ತಿನಲ್ಲಿ ಹೆಸರು ಬರೆಯಿಸಿದರೆ, ತನ್ನ ತಾಲೂಕಿನಲ್ಲಿಯೇ ಸೇವೆ ಮಾಡಲು ಮತ್ತೆ ಬೆಂಗಳೂರಿನ ಪರಿಷತ್ತಿಗೆ ಅರ್ಜಿ ಹಾಕಿಕೊಳ್ಳಬೇಕು. ಗಡಿ ದಾಟಿದ ಕೂಡಲೇ ಕಲಿತ ವಿದ್ಯೆ ಬದಲಾಗುವುದಿಲ್ಲ. ದೇಶಕ್ಕೆಲ್ಲ ಒಂದೇ ಪರೀಕ್ಷೆಯೂ ಒಂದೇ ನೋಂದಣಿ ಪುಸ್ತಕವೂ ಆದರೆ ಈ ಅಲೆದಾಟವು ತಾನಾಗಿ ನಿಲ್ಲುವುದು.

ಆದುದರಿಂದ ನಾವು ಸೂಚಿಸುವುದಿಷ್ಟು. ಹೊಸದಾಗಿ ನೋಂದಣಿಗೆ ಬರುವವರಿಗೆ, ಅವರು ಕಲಿತ ಕಾಲೇಜಿನ ಹೊರಗೆ, ಬರಹದಿಂದಲೂ ಕೈಕೆಲಸದಿಂದಲೂ ಪರವಾನಿಗೆ ಪರೀಕ್ಷೆಯಾಗತಕ್ಕದ್ದು. ರೋಗಿಗೆ ತಿಳಿಯುವ ಭಾಷೆಯಲ್ಲಿ ಮಾತಾಡಬಲ್ಲರೇ ಎಂಬುದೂ ಅದರಲ್ಲಿ ಸೇರಿರತಕ್ಕದ್ದು. ಈಗಾಗಲೇ ಸೇವೆಯಲ್ಲಿರುವವರನ್ನು ಮತ್ತೆ ಪರೀಕ್ಷೆಗೆಳೆಯದೆ, ಐದು ವರ್ಷಗಳಿಗೊಮ್ಮೆ ನವೀಕರಣಕ್ಕೆಂದು ಭಾರತೀಯ ಪರಿಷತ್ತು ವಿಧಿಸಿದ 150 ತಾಸುಗಳ ಮುಂದುವರಿದ ಶಿಕ್ಷಣವನ್ನು ನಿಜವಾದ ಶಿಕ್ಷಣವನ್ನಾಗಿ ಮಾಡಬೇಕು. ಅದು ಕೇವಲ ಹಾಜರಿಯ ಚೀಟಿಯಾಗಬಾರದು. ಪ್ರತಿಯೊಂದು ದವಾಖಾನೆಯೂ ತನ್ನ ದಾದಿಯರ ಹೆಸರು ಮತ್ತು ನೋಂದಣಿ ಸಂಖ್ಯೆಗಳನ್ನು ಬಾಗಿಲಲ್ಲಿಯೇ ಕನ್ನಡದಲ್ಲಿ ಬರೆದು ತೂಗುಹಾಕಬೇಕು.

ಈ ಕೊನೆಯ ಕೆಲಸಕ್ಕೆ ದಿಲ್ಲಿಯ ದಾರಿ ಕಾಯಬೇಕಾಗಿಲ್ಲ. ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕರ್ನಾಟಕ ಕಾಯದೆಯ ಮೇರೆಗೆ ದವಾಖಾನೆಗಳ ನೋಂದಣಿಯನ್ನು ನೋಡಿಕೊಳ್ಳುವ ಜಿಲ್ಲಾ ಪ್ರಾಧಿಕಾರವುಂಟು. ಜಿಲ್ಲಾಧಿಕಾರಿಗಳೇ ಅದರ ಅಧ್ಯಕ್ಷರು. ಅವರು ಮನಸ್ಸು ಮಾಡಿದರೆ, ಬಿಳಿಯ ಉಡುಪು ತೊಟ್ಟವರಲ್ಲಿ ದಾದಿಯರು ಯಾರು, ಅಲ್ಲದವರು ಯಾರು ಎಂಬುದು ಬೇಗನೆ ಜನರಿಗೆ ತಿಳಿದೀತು. ಕೋಟೆ ಸೂರೆಹೋದ ಮೇಲೆ ದಿಡ್ಡಿಯ ಬಾಗಿಲು ಹಾಕುವ ನಮ್ಮ ಹಳೆಯ ಚಾಳಿಯನ್ನು ರೋಗಿಗಳ ಪ್ರಾಣದ ವಿಷಯದಲ್ಲಾದರೂ ಬಿಡಬೇಕು. ಬೆಳಗಾವಿ ಜಿಲ್ಲೆಯ ಅಧಿಕಾರಿಗಳು ಇದರಲ್ಲಿ ಮೊದಲಿಗರಾಗುವರೆಂದು ಆಶಿಸುತ್ತೇವೆ.