ಗ್ರಾಫೂ ಬೇಕು, ಕಿವಿನೂ ಬೇಕು

ಸ್ಪೀಕರ್ ಬಗ್ಗೆ ಮಾತು ಶುರುವಾದರೆ ಸಾಕು, ನಮ್ಮ ಕ್ಯಾಂಪಸ್‌ನಲ್ಲಿ ಎರಡು ಪಾರ್ಟಿ. ಒಂದು ಗ್ರಾಫ್ ಪಾರ್ಟಿ: "ಫ್ರೀಕ್ವೆನ್ಸಿ ರೆಸ್ಪಾನ್ಸ್ ತೋರ್ಸು, ಇಲ್ಲಾಂದ್ರೆ ಸುಮ್ನಿರು." ಇನ್ನೊಂದು ಕಿವಿ ಪಾರ್ಟಿ: "ಕೇಳಿ ನೋಡೋ ಮಾರಾಯಾ, ಗ್ರಾಫ್ ಇಟ್ಕೊಂಡು ಹಾಡು ಕೇಳ್ತೀಯಾ?" ಫೆಸ್ಟ್‌ಗೆ ಸೌಂಡ್ ಸಿಸ್ಟಮ್ ಬಾಡಿಗೆಗೆ ತರುವಾಗಲೂ ಇದೇ, ರೂಮಿಗೆ ಮೂರು ಜನ ದುಡ್ಡು ಹಾಕಿ ಸ್ಪೀಕರ್ ಕೊಳ್ಳುವಾಗಲೂ ಇದೇ. ನಮಗನಿಸೋದು, ಎರಡೂ ಪಾರ್ಟಿ ಬೇರೆ ಬೇರೆ ಪ್ರಶ್ನೆಗೆ ಉತ್ತರ ಬರೀತಿವೆ, ಒಂದೇ ಪ್ರಶ್ನೆ ಅಂದ್ಕೊಂಡು ಕಿತ್ತಾಡ್ತಿವೆ.

ಮೊದಲು ಗ್ರಾಫ್ ಪಾರ್ಟಿಗೆ ಸಲ್ಲಬೇಕಾದ ಮರ್ಯಾದೆ. ಫ್ಲಾಯ್ಡ್ ಟೂಲ್ ಎಂಬ ವಿಜ್ಞಾನಿ ಕೆನಡಾದ ನ್ಯಾಷನಲ್ ರಿಸರ್ಚ್ ಕೌನ್ಸಿಲ್‌ನಲ್ಲಿ ವರ್ಷಗಟ್ಟಲೆ ಸ್ಪೀಕರ್‌ಗಳನ್ನು ಪರದೆ ಹಿಂದಿಟ್ಟು ಜನರಿಗೆ ಕೇಳಿಸಿದರು. 1994ರಲ್ಲಿ ಅವರೂ ಶಾನ್ ಆಲಿವ್ ಅವರೂ ಪ್ರಕಟಿಸಿದ ಪ್ರಯೋಗದಲ್ಲಿ, ಅದೇ ಸ್ಪೀಕರ್‌ಗಳನ್ನು ಕಣ್ಣಿಗೆ ಕಾಣುವಂತೆ ಇಟ್ಟಾಗ ಜನ ಕೊಟ್ಟ ಅಂಕಗಳೇ ಬದಲಾದವು. ಕಣ್ಣು ಕಿವಿಗೆ ಚಾಡಿ ಹೇಳುತ್ತೆ ಅನ್ನೋದು ಸಾಬೀತಾಯ್ತು. ಪರದೆ ಹಿಂದೆ ಜನ ಮೆಚ್ಚಿದ ಸ್ಪೀಕರ್‌ಗಳ ಗ್ರಾಫ್ ಸಾಮಾನ್ಯವಾಗಿ ಏರಿಳಿತ ಕಮ್ಮಿ ಇರುವ ಗೆರೆ ಅನ್ನೋದೂ ಅವರ ಕೆಲಸದಿಂದ ಗೊತ್ತಾಯ್ತು. ಆದ್ರೆ ಒಂದು ಗಮನಿಸಿ: ಆ ಗೆರೆಗೆ ಬೆಲೆ ಬಂದಿದ್ದೇ ಜನರ ಕಿವಿಯಿಂದ.

ಈಗ ಕಿವಿ ಪಾರ್ಟಿ. ಪ್ರತಿಧ್ವನಿ ಇಲ್ಲದ ಕೋಣೆಯಲ್ಲಿ ತೆಗೆದ ಗ್ರಾಫ್‌ಗೆ ನಮ್ಮ ಹಾಸ್ಟೆಲ್ ರೂಮ್ ಗೊತ್ತಿಲ್ಲ. ಎದುರುಬದುರು ಗೋಡೆಗಳ ನಡುವೆ 3.43 ಮೀಟರ್ ಇದ್ರೆ, ಶಬ್ದದ ವೇಗ 343ನ್ನು ಅದರ ಎರಡರಷ್ಟರಿಂದ ಭಾಗಿಸಿ: 50 ಹರ್ಟ್ಸ್. ಅಲ್ಲಿ ಅಲೆ ನಿಂತುಬಿಡುತ್ತೆ. ಗೋಡೆಗೆ ಒರಗಿದವನಿಗೆ ಆ ಬೇಸ್ ಧಡಧಡ, ನಡುವೆ ಕೂತವನಿಗೆ ಹೆಚ್ಚೂಕಮ್ಮಿ ಏನೂ ಇಲ್ಲ. ಒಂದೇ ಸ್ಪೀಕರ್, ಎರಡು ರಿವ್ಯೂ, ಎರಡೂ ನಿಜ.

ಕಿವಿಯಿಂದ ಹೇಳಿದ್ದು ಸೈನ್ಸ್ ಅಲ್ಲ ಅನ್ನೋರು ಮೃದಂಗ ನೋಡಬೇಕು. ಅದನ್ನು ಮಾಡೋರು ಬಲಮುಖದ ನಡುವೆ ಕಪ್ಪು ಕರಣೆಯನ್ನು ಪದರ ಪದರವಾಗಿ ಹಚ್ಚಿ, ಕೇಳಿ ಕೇಳಿ ನಾದ ಕೂಡಿಸ್ತಾರೆ. ಬರೀ ಚರ್ಮದ ಮೇಲೆ ಓವರ್‌ಟೋನ್‌ಗಳು ಒಂದಕ್ಕೊಂದು ಹೊಂದಲ್ಲ, ಕರಣೆಯ ಭಾರದಿಂದ ಹೊಂದುತ್ತವೆ ಅಂತ ಸಿ. ವಿ. ರಾಮನ್ 1920ರಲ್ಲಿ ಬರೆದರು. ಕಿವಿ ಮೊದಲು ಹಿಡಿದಿತ್ತು, ಲೆಕ್ಕ ಆಮೇಲೆ ಬಂತು.

ಹಾಗಂತ ಮರ್ಯಾದೆ ಅಂದ್ರೆ ಹೇಳಿದ್ದಕ್ಕೆಲ್ಲ ತಲೆ ಆಡಿಸೋದಲ್ಲ. ಅಳೆದವರು ಮೈಕ್ ಎಷ್ಟು ದೂರ ಇತ್ತು, ಗೆರೆಯನ್ನು ಎಷ್ಟು ಸ್ಮೂತ್ ಮಾಡಿದ್ದಾರೆ ಅಂತ ಹೇಳಲಿ. ಕೇಳಿದವರು ಯಾವ ರೂಮ್, ಯಾವ ಹಾಡು, ಬೆಲೆ ಮೊದಲೇ ಗೊತ್ತಿತ್ತಾ ಅಂತ ಹೇಳಲಿ. ಎರಡು ಸ್ಪೀಕರ್ ಹೋಲಿಸೋದಾದ್ರೆ ವಾಲ್ಯೂಮ್ ಸಮ ಇರಲಿ, ಯಾಕಂದ್ರೆ ಒಂಚೂರು ಜೋರಾಗಿರೋದೇ ಚೆನ್ನಾಗಿದೆ ಅನಿಸುತ್ತೆ. ಅಮೆರಿಕದ ಸ್ಟೀರಿಯೋಫೈಲ್ ಪತ್ರಿಕೆ ಕೇಳಿದವರ ಅನುಭವವನ್ನೂ ಅಳತೆಯನ್ನೂ ಅಕ್ಕಪಕ್ಕ ಛಾಪಿಸುತ್ತೆ, ಎರಡೂ ತಾಳೆಯಾಗದಿದ್ರೂ ಸರಿ. ನಮಗೂ ಅಷ್ಟು ಧೈರ್ಯ ಬೇಕು.

ಯಾಕಂದ್ರೆ ಈ ಜಗಳದ ಬೆಲೆ ತೆರೋರು ಬೇರೆಯವರು. ಮೊದಲ ವರ್ಷದ ಹುಡುಗಿಯೊಬ್ಬಳು "ಇದರಲ್ಲಿ ಮಾತು ಸ್ಪಷ್ಟ ಇಲ್ಲ" ಅಂದ್ರೆ, "ಡೇಟಾ ಎಲ್ಲಿ?" ಅಂತ ನಗೋರಿದ್ದಾರೆ. ಅವಳು ಮುಂದಿನ ಸಲ ಬಾಯಿ ಬಿಡಲ್ಲ. ನಾಟಕದ ದಿನ ಹಿಂದಿನ ಸಾಲಿಗೆ ಡೈಲಾಗೇ ಕೇಳಲ್ಲ. ಅವಳ ದೂರು ಅಳತೆಗೆ ಶತ್ರು ಅಲ್ಲ, ಎಲ್ಲಿ ಅಳೀಬೇಕು ಅಂತ ತೋರಿಸೋ ಬೆರಳು.

ಮುಂದಿನ ಫೆಸ್ಟ್‌ಗೆ ಮುಂಚೆ ಎರಡನ್ನೂ ಒಟ್ಟಿಗೆ ಮಾಡೋಣ. ಪರದೆ ನಾಟಕ ತಂಡದ ಹತ್ರ ಇದೆ, ಮೈಕ್ ಇಸಿ ಲ್ಯಾಬ್‌ನಲ್ಲಿದೆ. ಕಿವಿ ಅಂತೂ ಎಲ್ಲರ ಹತ್ರಾನೂ ಇದೆ.