ಕೊನೆ ಕೊಯ್ದ ತೋಳಿಗೆ ಬಕೆಟ್ ಆಟವೇ?



ಕಳೆದ ಡಿಸೆಂಬರ್ 3, ವಿಶ್ವ ಅಂಗವಿಕಲರ ದಿನದ ಆಟೋಟಕ್ಕೆ ನನ್ನ ತಮ್ಮನನ್ನು ಕರೆದುಕೊಂಡು ಹೋಗಿದ್ದೆ. ಗಾಲಿಕುರ್ಚಿಯವರಿಗೆ ಇಟ್ಟಿದ್ದು ಒಂದೇ ಸ್ಪರ್ಧೆ, ಬಕೆಟ್ಟಿಗೆ ಚೆಂಡು ಎಸೆಯುವುದು. ತಮ್ಮನಿಗೆ ಮೊದಲ ಬಹುಮಾನವಾಗಿ ಒಂದು ಸ್ಟೀಲ್ ಡಬ್ಬಿ ಬಂತು. ಮನೆ ಮುಟ್ಟುವ ತನಕ ಅವನು ಬಾಯಿ ಬಿಡಲಿಲ್ಲ.

ಅವನು ಅಡಿಕೆ ಕೊನೆ ತೆಗೆಯುತ್ತಿದ್ದವನು. ಮರದಿಂದ ಮರಕ್ಕೆ ದಾಟುತ್ತಾ ಮಧ್ಯಾಹ್ನದೊಳಗೆ ಒಂದು ತೋಟ ಮುಗಿಸುತ್ತಿದ್ದ. ಮಳೆಗಾಲದಲ್ಲಿ ಔಷಧಿ ಹೊಡೆಯಲು ಹತ್ತಿ ಜಾರಿಬಿದ್ದ. ಬೆನ್ನುಹುರಿಗೆ ಪೆಟ್ಟಾಗಿ ಸೊಂಟದಿಂದ ಕೆಳಗೆ ಸ್ವಾಧೀನ ಹೋಯಿತು. ತೀರ್ಥಹಳ್ಳಿ, ಹೊಸನಗರ, ಸಾಗರದ ಅಡಿಕೆ ಸೀಮೆಯಲ್ಲಿ ಇಂಥ ಒಂದಾದರೂ ಮನೆ ಗೊತ್ತಿಲ್ಲದವರು ಕಡಿಮೆ. ಆದರೆ ಮರ ಹತ್ತಿ ಗಟ್ಟಿಯಾದ ಅವನ ಹೆಗಲು, ತೋಳುಗಳು ಹಾಗೇ ಇವೆ.

ಆ ತೋಳಿಗೆ ತಕ್ಕ ಆಟ ಜಗತ್ತಿನಲ್ಲಿದೆ. ನೆಲಕ್ಕೆ ಹತ್ತಿರವಾದ ಮೂರು ಗಾಲಿಯ ಹ್ಯಾಂಡ್‌ಸೈಕಲ್ಲನ್ನು ಎರಡೂ ಕೈಯಿಂದ ಪೆಡಲ್ ತಿರುಗಿಸಿ ಓಡಿಸುತ್ತಾರೆ. 2004ರ ಅಥೆನ್ಸ್‌ನಿಂದ ಅದು ಪ್ಯಾರಾಲಿಂಪಿಕ್ಸ್‌ನಲ್ಲಿದೆ. ದೇಹದ ಶಕ್ತಿ ನೋಡಿ ಎಚ್1ರಿಂದ ಎಚ್5ರವರೆಗೆ ವರ್ಗ ಮಾಡುತ್ತಾರೆ. ಟೈಮ್ ಟ್ರಯಲ್‌ನಲ್ಲಿ ಒಬ್ಬರ ನಂತರ ಒಬ್ಬರನ್ನು ಬಿಡುತ್ತಾರೆ, ಎದುರಾಳಿ ಗಡಿಯಾರ. ಇಟಲಿಯ ಅಲೆಕ್ಸ್ ಜನಾರ್ಡಿ 2001ರ ಕಾರ್ ರೇಸಿನಲ್ಲಿ ಎರಡೂ ಕಾಲು ಕಳೆದುಕೊಂಡವರು. 2012ರ ಲಂಡನ್‌ನಲ್ಲೂ 2016ರ ರಿಯೊದಲ್ಲೂ ಇದೇ ಸ್ಪರ್ಧೆಯ ಚಿನ್ನ ಗೆದ್ದರು. ರಿಯೊದಲ್ಲಿ ಅವರಿಗೆ 49 ವರ್ಷ. ನನ್ನ ತಮ್ಮನಿಗೆ ಈಗ 34.

ಅದೇ ಲಂಡನ್‌ನಲ್ಲಿ ಹಾಸನ ಜಿಲ್ಲೆಯ ಗಿರೀಶ್ ಎತ್ತರ ಜಿಗಿತದ ಬೆಳ್ಳಿ ತಂದರು. ಅದಕ್ಕೂ ಎಷ್ಟೋ ಮೊದಲೇ ಮಾಲತಿ ಹೊಳ್ಳ ಗಾಲಿಕುರ್ಚಿಯಲ್ಲಿ ರಾಜ್ಯದ ಹೆಸರು ಬೆಳಗಿಸಿದ್ದರು. ಸೈಕ್ಲಿಂಗ್‌ನಲ್ಲಿ ಮಾತ್ರ ಭಾರತದವರು ಪ್ಯಾರಾಲಿಂಪಿಕ್ಸ್ ಮುಟ್ಟಿದ್ದೇ 2024ರಲ್ಲಿ, ಅರ್ಷದ್ ಶೇಖ್ ಮತ್ತು ಜ್ಯೋತಿ ಗಡೇರಿಯಾ ಅವರಿಂದ. ಅವರಿಬ್ಬರದೂ ಕಾಲಲ್ಲಿ ತುಳಿಯುವ ಸೈಕಲ್. ಕೈ ಪೆಡಲಿನ ಜಾಗ ಇನ್ನೂ ಖಾಲಿಯಿದೆ.

ಮಲೆನಾಡಿನ ಏರು ತಿರುವಿನ ರಸ್ತೆಯಲ್ಲಿ ಇದೆಲ್ಲ ಆಗದು ಎಂದು ಒಬ್ಬ ಅಧಿಕಾರಿ ನನಗೆ ಹೇಳಿದರು. ಒಪ್ಪುವುದಿಲ್ಲ. ಗಡಿಯಾರದ ಓಟಕ್ಕೆ ಕ್ರೀಡಾಂಗಣ ಬೇಡ, ತಕ್ಕಮಟ್ಟಿಗೆ ಸಮವಾದ ಎರಡು ಕಿಲೋಮೀಟರ್ ರಸ್ತೆ ಸಾಕು. ಭಾನುವಾರ ಬೆಳಿಗ್ಗೆ ಒಂದು ಗಂಟೆ ವಾಹನ ತಡೆದರೆ ಮುಗಿಯಿತು. ಹ್ಯಾಂಡ್‌ಸೈಕಲ್ ದುಬಾರಿ ನಿಜ. ಮೊದಲ ವರ್ಷ, ಸರ್ಕಾರವೇ ಹಂಚಿದ ಕೈ ಪೆಡಲಿನ ತ್ರಿಚಕ್ರ ಸೈಕಲ್‌ಗಳಲ್ಲೇ ಓಟ ನಡೆಯಲಿ. ನನ್ನ ತಮ್ಮನದು ಕೊಟ್ಟಿಗೆಯಲ್ಲಿ ತುಕ್ಕು ಹಿಡಿಯುತ್ತಿದೆ. ಆಮೇಲೆ ಜಿಲ್ಲೆಗೆ ನಾಲ್ಕು ಒಳ್ಳೆಯ ಹ್ಯಾಂಡ್‌ಸೈಕಲ್ ಕೊಂಡು ಸರದಿಯ ಮೇಲೆ ಅಭ್ಯಾಸಕ್ಕೆ ಕೊಡಬಹುದು. ಇದು ದಯೆಯ ಮಾತಲ್ಲ. ವಿಕಲಚೇತನರ ಕ್ರೀಡೆಗೆ ಸೌಲಭ್ಯ, ಹಣ, ಪ್ರತ್ಯೇಕ ಸ್ಪರ್ಧೆ ಒದಗಿಸಬೇಕೆಂದು 2016ರ ಹಕ್ಕುಗಳ ಕಾಯ್ದೆಯ 30ನೇ ಸೆಕ್ಷನ್ ಹೇಳುತ್ತದೆ.

ಬರುವ ಡಿಸೆಂಬರ್‌ಗೆ ಬಕೆಟ್ ಬಿಟ್ಟು ಒಂದು ಸ್ಟಾಪ್‌ವಾಚ್ ತನ್ನಿ ಎಂದು ಕ್ರೀಡಾ ಇಲಾಖೆಯನ್ನೂ ತಾಲ್ಲೂಕು ಆಡಳಿತವನ್ನೂ ಕೇಳಿಕೊಳ್ಳುತ್ತೇನೆ. ಮೊದಲ ಹೆಸರು ಬರೆಸಲು ನನ್ನ ತಮ್ಮ ಸಿದ್ಧನಿದ್ದಾನೆ.

– ಒಬ್ಬ ಓದುಗ, ಮೇಳಿಗೆ, ತೀರ್ಥಹಳ್ಳಿ ತಾಲ್ಲೂಕು